ಎರಡನೆಯ ಪ್ರಾಶಸ್ತ್ಯದ ಮೌಲ್ಯ: 1969ರ ರಾಷ್ಟ್ರಪತಿ ಚುನಾವಣೆಯ ಒಂದು ಪರಿಶೀಲನೆ

1

ಚುನಾವಣೆಗೆ ನಿಂತವನನ್ನು ಕನ್ನಡಿಗರು ಎರಡು ಹೆಸರುಗಳಿಂದ ಕರೆಯುವುದುಂಟು. ಗ್ರಂಥಭಾಷೆಯಲ್ಲಿ ಅವನು 'ಅಭ್ಯರ್ಥಿ', ಅಂದರೆ ಬೇಡುವವನು. ಹಿಂದಿನ ಮುಂಬಯಿ ಪ್ರಾಂತದ ಕನ್ನಡಿಗರ ಬಾಯಲ್ಲಿ ಅವನು 'ಉಮೇದುವಾರ', ಅಂದರೆ ಆಸೆಯುಳ್ಳವನು, ಹುರುಪುಳ್ಳವನು. ಎರಡು ಪದಗಳೂ ನಿಂತವನ ಮನಸ್ಸನ್ನು ತಿಳಿಸುತ್ತವೆಯೇ ಹೊರತು ಮತ ಕೊಡುವವನ ಮನಸ್ಸನ್ನು ತಿಳಿಸುವುದಿಲ್ಲ. ಉಮೇದುವಾರನಿಗೆ ಉಮೇದು ಇದ್ದೇ ಇರುತ್ತದೆ; ಮತದಾರನಿಗೂ ಅದು ಇರಲೇಬೇಕೆಂಬ ನಿಯಮ ಯಾವ ಶಾಸನದಲ್ಲಿಯೂ ಇಲ್ಲ. ನಿಂತವರಲ್ಲಿ ಯಾರ ಮೇಲೂ ಒಲವಿಲ್ಲದೆ, ಇದ್ದವರಲ್ಲಿ ಒಬ್ಬನನ್ನು ಆರಿಸಿ ಮನೆಗೆ ಮರಳುವುದು ಮತದಾರರಲ್ಲಿ ಅನೇಕರ ಅನುಭವವಾಗಿದೆ.

ಇಂತಹ ಮತದ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಹುಕಾಲದಿಂದ ಪ್ರಚಲಿತವಾಗಿವೆ. ಒಲವಿಲ್ಲದ ಮತವು ಆತ್ಮವಂಚನೆಯಾದುದರಿಂದ ಅದನ್ನು ಕೊಡದಿರುವುದೇ ಮೇಲೆಂಬುದು ಒಂದು. 'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆಯಂತೆ ಇದ್ದವರಲ್ಲಿಯೇ ಒಬ್ಬನನ್ನು ಒಪ್ಪಿಕೊಳ್ಳುವುದು ಲೋಕರೂಢಿಯೆಂಬುದು ಇನ್ನೊಂದು. ಈ ಎರಡು ಅಭಿಪ್ರಾಯಗಳನ್ನು ಆಧಾರಗಳ ಮೇಲೆ ತೂಗಿನೋಡುವುದು ಇತಿಹಾಸಕಾರನಿಗೆ ಸುಲಭವಲ್ಲ. ಸಾಮಾನ್ಯ ಚುನಾವಣೆಯ ಮತಪತ್ರದಲ್ಲಿ ತುಂಬುಮನಸ್ಸಿನಿಂದ ಒತ್ತಿದ ಮುದ್ರೆಗೂ ಅರೆಮನಸ್ಸಿನಿಂದ ಒತ್ತಿದ ಮುದ್ರೆಗೂ ಆಕಾರದಲ್ಲಿ ಭೇದವಿರುವುದಿಲ್ಲ. ಮತದಾರನ ಸಂದೇಹಗಳು ಅವನೊಂದಿಗೇ ಹೊರಟುಹೋಗುತ್ತವೆ. ದಾಖಲೆಯಲ್ಲಿ ಉಳಿಯುವುದು ಮೊತ್ತವೊಂದೇ.

ಆದರೆ ಭಾರತದಲ್ಲಿ ಈ ಮಾತಿಗೆ ಒಂದು ಅಪವಾದವುಂಟು. ರಾಷ್ಟ್ರಪತಿಯ ಚುನಾವಣೆಯಲ್ಲಿ ಮತದಾರನು ತನ್ನ ಮೊದಲನೆಯ ಆಯ್ಕೆಯನ್ನು ಮಾತ್ರವಲ್ಲದೆ ಎರಡನೆಯ, ಮೂರನೆಯ ಆಯ್ಕೆಗಳನ್ನೂ ಬರೆಯಬಹುದು. 1952ರಿಂದ 2022ರವರೆಗೆ ನಡೆದ 16 ರಾಷ್ಟ್ರಪತಿ ಚುನಾವಣೆಗಳಲ್ಲಿ ಈ ಮುಂದಿನ ಆಯ್ಕೆಗಳನ್ನು ಎಣಿಸಿ ಫಲಿತಾಂಶವನ್ನು ನಿರ್ಣಯಿಸಬೇಕಾಗಿ ಬಂದುದು 1969ರಲ್ಲಿ ಮಾತ್ರ. ಒಲವಿಲ್ಲದ ಮತಕ್ಕೆ ಎಷ್ಟು ತೂಕವೆಂಬುದನ್ನು ಅಂಕೆಗಳಲ್ಲಿಯೇ ಕಾಣಲು ಆ ಚುನಾವಣೆ ಅವಕಾಶ ಮಾಡಿಕೊಡುತ್ತದೆ. ಆ ಅಂಕೆಗಳನ್ನು ವಾಚಕರ ಮುಂದಿಟ್ಟು ಅವುಗಳಿಂದ ಹೊರಡುವ ಅರ್ಥವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

2

1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ಅಧಿಕಾರದಲ್ಲಿರುವಾಗಲೇ ನಿಧನ ಹೊಂದಿದರು. ಉಪರಾಷ್ಟ್ರಪತಿಗಳಾಗಿದ್ದ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಜುಲೈ ತಿಂಗಳಿನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ಮೈಸೂರು ರಾಜ್ಯದ ಮಾಜಿ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು. ಅಧಿವೇಶನದ ಸಂದರ್ಭದಲ್ಲಿಯೇ ಪಕ್ಷದ ಪಾರ್ಲಿಮೆಂಟರಿ ಮಂಡಳಿಯು ಲೋಕಸಭೆಯ ಸಭಾಪತಿ ನೀಲಂ ಸಂಜೀವರೆಡ್ಡಿಯವರನ್ನು ಬಹುಮತದಿಂದ ಅಭ್ಯರ್ಥಿಯಾಗಿ ಆರಿಸಿತು. ಜಗಜೀವನರಾಮರ ಹೆಸರನ್ನು ಬಯಸಿದ್ದ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಈ ನಿರ್ಣಯ ಒಪ್ಪಿಗೆಯಾಗಿರಲಿಲ್ಲ. ಹಾಗಿದ್ದರೂ ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರು ಅವರೇ. ಈ ಚುನಾವಣೆಯ ಕಥೆ ಆರಂಭವಾಗುವುದೇ ಒಲವಿಲ್ಲದ ಒಂದು ಸಹಿಯಿಂದ ಎನ್ನಬಹುದು.

ಮುಂದಿನ ಘಟನೆಗಳು ಶೀಘ್ರವಾಗಿ ನಡೆದವು. ಜುಲೈ 16ರಂದು ಪ್ರಧಾನಿಯವರು ಮೊರಾರ್ಜಿ ದೇಸಾಯಿಯವರಿಂದ ಅರ್ಥಖಾತೆಯನ್ನು ಹಿಂದಕ್ಕೆ ಪಡೆದರು. ಜುಲೈ 19ರಂದು 50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿಯಿದ್ದ 14 ಬ್ಯಾಂಕುಗಳನ್ನು ಸುಗ್ರೀವಾಜ್ಞೆಯ ಮೂಲಕ ರಾಷ್ಟ್ರೀಕರಿಸಲಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಇವೆರಡೂ ಆ ಹದಿನಾಲ್ಕರಲ್ಲಿ ಸೇರಿದ್ದವು. ಸುಗ್ರೀವಾಜ್ಞೆಗೆ ಅಂಕಿತ ಹಾಕಿದ ಗಿರಿಯವರು ಮರುದಿನವೇ, ಜುಲೈ 20ರಂದು, ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು. ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಅವರು ಹಂಗಾಮಿ ರಾಷ್ಟ್ರಪತಿಗಳಾಗಿ ಕಾರ್ಯಭಾರ ವಹಿಸಿಕೊಂಡರು. ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ ನಡೆಯಿತು.

ಕಣದಲ್ಲಿ 15 ಮಂದಿ ಇದ್ದರು. ಗಣನೆಗೆ ಬಂದವರು ಮೂವರು: ಗಿರಿ, ರೆಡ್ಡಿ, ಮತ್ತು ಸ್ವತಂತ್ರ ಪಕ್ಷ ಹಾಗೂ ಜನಸಂಘಗಳು ಕೂಡಿ ಬೆಂಬಲಿಸಿದ ಚಿಂತಾಮನ ದ್ವಾರಕಾನಾಥ ದೇಶಮುಖರು.

3

ಈ ಮೂವರ ಪೂರ್ವಚರಿತ್ರೆಯನ್ನು ನೋಡಿದರೆ ಯಾರ ಬೆಂಬಲಿಗರಿಗೂ ತಮ್ಮ ಅಭ್ಯರ್ಥಿಯ ಮೇಲೆ ಸಂಪೂರ್ಣ ಒಲವಿರುವುದಕ್ಕೆ ಕಾರಣವಿರಲಿಲ್ಲವೆಂದು ತೋರುತ್ತದೆ.

ದೇಶಮುಖರನ್ನೇ ಮೊದಲು ತೆಗೆದುಕೊಳ್ಳೋಣ. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರರಾಗಿ 1943ರಲ್ಲಿ ನಿಯುಕ್ತರಾದವರು ಅವರು. 1950ರಿಂದ 1956ರವರೆಗೆ ಕೇಂದ್ರದ ಅರ್ಥಮಂತ್ರಿಗಳು. ಮುಂಬಯಿ ನಗರದ ಭವಿಷ್ಯದ ಪ್ರಶ್ನೆಯಲ್ಲಿ ಸರಕಾರದ ನಿಲುವನ್ನು ಒಪ್ಪದೆ ಅಧಿಕಾರ ಬಿಟ್ಟವರೆಂದು ಈ ನಗರದ ಹಳೆಯ ತಲೆಮಾರು ಅವರನ್ನು ನೆನೆಯುತ್ತಿತ್ತು. ಅವರ ಯೋಗ್ಯತೆಯನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಆದರೆ ಅವರನ್ನು ನಿಲ್ಲಿಸಿದ ಸ್ವತಂತ್ರ ಪಕ್ಷವು ಉದ್ಯಮಗಳ ಮೇಲೆ ಸರಕಾರದ ಹಿಡಿತವನ್ನು ವಿರೋಧಿಸುವುದಕ್ಕಾಗಿಯೇ ಹುಟ್ಟಿದ ಪಕ್ಷ. ಇಂಪೀರಿಯಲ್ ಬ್ಯಾಂಕು 1955ರಲ್ಲಿ ಸ್ಟೇಟ್ ಬ್ಯಾಂಕ್ ಆಗಿ ಸರಕಾರದ ಅಧೀನಕ್ಕೆ ಬಂದುದೂ, 1956ರಲ್ಲಿ ಜೀವವಿಮೆಯ ರಾಷ್ಟ್ರೀಕರಣವಾದುದೂ ದೇಶಮುಖರು ಅರ್ಥಮಂತ್ರಿಗಳಾಗಿದ್ದಾಗಲೇ. ಬ್ಯಾಂಕುಗಳ ರಾಷ್ಟ್ರೀಕರಣವನ್ನು ಖಂಡಿಸುತ್ತಿದ್ದ ಪಕ್ಷವು ಅದೇ ದಾರಿಯ ಮೊದಲ ಹೆಜ್ಜೆಗಳನ್ನು ಇಟ್ಟ ಅರ್ಥಮಂತ್ರಿಯನ್ನು ಅಭ್ಯರ್ಥಿಯನ್ನಾಗಿ ಸ್ವೀಕರಿಸಿತ್ತು.

ಗಿರಿಯವರು ಕಾರ್ಮಿಕ ಚಳವಳಿಯಿಂದ, ಅದರಲ್ಲಿಯೂ ರೈಲ್ವೆ ಕಾರ್ಮಿಕರ ಸಂಘಟನೆಯಿಂದ ಮೇಲೆ ಬಂದವರು. ಬ್ಯಾಂಕ್ ನೌಕರರ ವೇತನದ ಬಗ್ಗೆ ನ್ಯಾಯಮಂಡಳಿಯು ಕೊಟ್ಟ ತೀರ್ಪನ್ನು ಸರಕಾರ ಮಾರ್ಪಡಿಸಿತೆಂಬ ಕಾರಣದಿಂದ 1954ರಲ್ಲಿ ಕಾರ್ಮಿಕ ಮಂತ್ರಿಯ ಸ್ಥಾನವನ್ನು ಬಿಟ್ಟುಕೊಟ್ಟವರು. ಆ ಸರಕಾರದ ಅರ್ಥಮಂತ್ರಿಗಳು ಇದೇ ದೇಶಮುಖರು. ಹದಿನೈದು ವರ್ಷಗಳ ತರುವಾಯ ಅವರಿಬ್ಬರೂ ಒಂದೇ ಮತಪತ್ರದಲ್ಲಿ ಎದುರಾದರು. 1965ರಿಂದ 1967ರವರೆಗೆ ಗಿರಿಯವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದುದನ್ನೂ ಇಲ್ಲಿ ಸ್ಮರಿಸಬಹುದು. 1969ರಲ್ಲಿ ಅವರನ್ನು ಬೆಂಬಲಿಸಿದವರಲ್ಲಿ ಎರಡು ಕಮ್ಯುನಿಸ್ಟ್ ಪಕ್ಷಗಳೂ, ದ್ರಾವಿಡ ಮುನ್ನೇತ್ರ ಕಳಗವೂ, ಅಕಾಲಿ ದಳವೂ ಇದ್ದವು. ಇವುಗಳಲ್ಲಿ ಯಾವುದೂ ಅವರ ಸ್ವಂತ ಪಕ್ಷವಲ್ಲ. ತಮ್ಮ ತಮ್ಮಲ್ಲಿಯೂ ಇವು ಏಕಮತದವಲ್ಲ.

ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಗಳೂ ಕಾಂಗ್ರೆಸ್ಸಿನ ಮಾಜಿ ಅಧ್ಯಕ್ಷರೂ ಆಗಿದ್ದ ರೆಡ್ಡಿಯವರಿಗೆ ಪಕ್ಷದ ಅಧಿಕೃತ ಬೆಂಬಲವಿತ್ತು. ಆದರೆ ಅವರ ನಾಮಪತ್ರದ ಸೂಚಕರೇ ಮತದಾನಕ್ಕೆ ಮುಂಚೆ ಸದಸ್ಯರು ತಮ್ಮ ಆತ್ಮಸಾಕ್ಷಿಯಂತೆ ನಡೆಯಲೆಂದು ಹೇಳಿದ ಮೇಲೆ ಆ ಬೆಂಬಲದ ಗತಿ ಏನಾಯಿತೆಂಬುದು ಪ್ರಸಿದ್ಧವಾಗಿದೆ.

4

ಎಣಿಕೆಯ ಅಂಕೆಗಳು ಸ್ಪಷ್ಟವಾಗಬೇಕಾದರೆ ಮತದಾನದ ವಿಧಾನವನ್ನು ಸಂಕ್ಷೇಪವಾಗಿ ವಿವರಿಸಬೇಕಾಗುತ್ತದೆ. ಸಂವಿಧಾನದ 55ನೆಯ ಅನುಚ್ಛೇದದ ಪ್ರಕಾರ ಪಾರ್ಲಿಮೆಂಟಿನ ಎರಡು ಸದನಗಳ ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು ಗುಪ್ತ ಮತದಾನದಿಂದ ರಾಷ್ಟ್ರಪತಿಯನ್ನು ಆರಿಸುತ್ತಾರೆ. ಪ್ರತಿಯೊಂದು ಮತಕ್ಕೂ ಒಂದು ಮೌಲ್ಯವುಂಟು. ರಾಜ್ಯದ ಜನಸಂಖ್ಯೆಯನ್ನು ವಿಧಾನಸಭೆಯ ಚುನಾಯಿತ ಸದಸ್ಯರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಿದರೆ ಒಬ್ಬ ಶಾಸಕನ ಮತದ ಮೌಲ್ಯ ದೊರೆಯುತ್ತದೆ. 1961ರ ಜನಗಣತಿಯಂತೆ ಸುಮಾರು 2 ಕೋಟಿ 36 ಲಕ್ಷ ಜನರಿದ್ದ ಮೈಸೂರು ರಾಜ್ಯದ ವಿಧಾನಸಭೆಯಲ್ಲಿ 216 ಸ್ಥಾನಗಳಿದ್ದುವಾದುದರಿಂದ ಅಲ್ಲಿಯ ಶಾಸಕನ ಮತಕ್ಕೆ 109 ಮೌಲ್ಯ ಬಂದಿತು. ಎಲ್ಲ ರಾಜ್ಯಗಳ ಶಾಸಕರ ಮತಗಳ ಒಟ್ಟು ಮೌಲ್ಯವನ್ನು ಪಾರ್ಲಿಮೆಂಟಿನ ಚುನಾಯಿತ ಸದಸ್ಯರಿಗೆ ಸಮನಾಗಿ ಹಂಚಿದಾಗ ಅವರಲ್ಲಿ ಒಬ್ಬೊಬ್ಬರ ಮತಕ್ಕೆ 576 ಮೌಲ್ಯ ಬಂದಿತು.

ಮತದಾರನು ಅಭ್ಯರ್ಥಿಗಳ ಹೆಸರುಗಳ ಮುಂದೆ 1, 2, 3 ಎಂದು ತನ್ನ ಪ್ರಾಶಸ್ತ್ಯಗಳನ್ನು ಬರೆಯುತ್ತಾನೆ. ಮೊದಲನೆಯದನ್ನು ಬರೆಯದಿದ್ದರೆ ಮತ ಅಸಿಂಧು. ಉಳಿದವುಗಳನ್ನು ಬರೆಯುವುದು, ಬಿಡುವುದು ಅವನ ಇಚ್ಛೆ. ಸಿಂಧುವಾದ ಮತಗಳ ಒಟ್ಟು ಮೌಲ್ಯದ ಅರ್ಧಕ್ಕಿಂತ ಹೆಚ್ಚು ಯಾರಿಗಾದರೂ ಬಂದರೆ ಅಲ್ಲಿಗೆ ಎಣಿಕೆ ಮುಗಿಯಿತು. ಬಾರದಿದ್ದರೆ ಅತ್ಯಂತ ಕಡಿಮೆ ಪಡೆದವನನ್ನು ಕೈಬಿಟ್ಟು, ಅವನ ಮತಪತ್ರಗಳಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಅವುಗಳನ್ನು ವರ್ಗಾಯಿಸುತ್ತಾರೆ. ವರ್ಗಾವಣೆಯಾದ ಮತಪತ್ರದ ಮೌಲ್ಯ ಒಂದಿಷ್ಟೂ ಕುಗ್ಗುವುದಿಲ್ಲವೆಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಎರಡನೆಯ ಪ್ರಾಶಸ್ತ್ಯವೆಂದು ಅದಕ್ಕೆ ಅರ್ಧ ಬೆಲೆ ಕಟ್ಟುವ ಪದ್ಧತಿ ಇಲ್ಲ. ಒಂದು ಖಾತೆ ಮುಚ್ಚಿದಾಗ ಅದರ ಶಿಲ್ಕು ಪೂರ್ತಿಯಾಗಿ ಇನ್ನೊಂದು ಖಾತೆಗೆ ಹೋಗುವಂತೆ ಮತವು ತನ್ನ ಪೂರ್ಣ ಮೌಲ್ಯದೊಡನೆ ಮುಂದಿನವನಿಗೆ ಸಲ್ಲುತ್ತದೆ.

ಈ ವಿಧಾನದ ಸೂಕ್ಷ್ಮವನ್ನು ನಿಜಲಿಂಗಪ್ಪನವರು ಚೆನ್ನಾಗಿ ಅರಿತಿದ್ದರು. ದೇಶಮುಖರಿಗೆ ಗೆಲ್ಲುವ ಸಂಭವವಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಹೀಗಿರಲಾಗಿ ಅವರ ಮತಪತ್ರಗಳಲ್ಲಿನ ಎರಡನೆಯ ಪ್ರಾಶಸ್ತ್ಯ ರೆಡ್ಡಿಯವರಿಗೆ ಬರಲೆಂದು ಅವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರೊಡನೆ ಮಾತುಕತೆ ನಡೆಸಿದರು. ಲೆಕ್ಕದ ದೃಷ್ಟಿಯಿಂದ ಇದು ಸರಿಯಾದ ಹೆಜ್ಜೆ. ರಾಜಕೀಯದ ದೃಷ್ಟಿಯಿಂದ ಇದೇ ಅವರ ವಿರೋಧಿಗಳಿಗೆ ಆಯುಧವಾಯಿತು. ಕಾಂಗ್ರೆಸ್ಸಿನ ಅಧ್ಯಕ್ಷರು ಬಲಪಂಥದ ಪಕ್ಷಗಳೊಡನೆ ಕೈಜೋಡಿಸಿದ ಮೇಲೆ ಸದಸ್ಯರನ್ನು ಪಕ್ಷದ ಕಟ್ಟಿಗೆ ಒಳಪಡಿಸುವುದು ಹೇಗೆಂದು ಪ್ರಧಾನಿಯವರ ಕಡೆಯವರು ಕೇಳಿದರು. ಎರಡನೆಯ ಪ್ರಾಶಸ್ತ್ಯಗಳನ್ನು ಕೂಡಿಸಹೊರಟ ಪ್ರಯತ್ನವು ಮೊದಲನೆಯ ಪ್ರಾಶಸ್ತ್ಯಗಳನ್ನು ಕಳೆಯುವುದಕ್ಕೆ ಒಂದು ಕಾರಣವಾಯಿತು.

5

ಸಿಂಧುವಾದ ಮತಗಳ ಒಟ್ಟು ಮೌಲ್ಯ 8,36,337. ಗೆಲುವಿಗೆ ಬೇಕಾದುದು 4,18,169. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಬಂದವು. ಉಳಿದ 12 ಮಂದಿಗೆ ಎಲ್ಲ ಸೇರಿ ದೊರೆತುದು 8,505. ಗಿರಿಯವರು ಮುಂದಿದ್ದರೂ ಗುರಿಗೆ 16,654 ಕಡಿಮೆಯಾಗಿತ್ತು. ಕೆಳಗಿನವರನ್ನು ಒಬ್ಬೊಬ್ಬರನ್ನಾಗಿ ಕೈಬಿಟ್ಟು, ಕೊನೆಗೆ ದೇಶಮುಖರ ಮತಪತ್ರಗಳನ್ನೂ ವರ್ಗಾಯಿಸಿದ ಮೇಲೆ ಗಿರಿಯವರ ಮೊತ್ತ 4,20,077, ರೆಡ್ಡಿಯವರದು 4,05,427 ಆಯಿತು. ಅಂತರ 14,650. ಗುರಿಯನ್ನು ಗಿರಿಯವರು ದಾಟಿದುದು ಕೇವಲ 1,908ರಿಂದ. ಇದು ನಾಲ್ವರು ಸಂಸತ್ಸದಸ್ಯರ ಮತಮೌಲ್ಯಕ್ಕಿಂತಲೂ ಕಡಿಮೆ.

ಈ ಅಂಕೆಗಳನ್ನು ಇನ್ನಷ್ಟು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಯಾರೂ ಹೇಳದ ಒಂದು ಸಂಗತಿ ಹೊರಬೀಳುತ್ತದೆ. ವರ್ಗಾವಣೆಯಿಂದ ರೆಡ್ಡಿಯವರಿಗೆ ಬಂದುದು 91,879. ಸಣ್ಣ ಅಭ್ಯರ್ಥಿಗಳ 8,505 ಪೂರ್ತಿಯಾಗಿ ಅವರಿಗೇ ಬಂದಿತೆಂದು ಇಟ್ಟುಕೊಂಡರೂ ಕನಿಷ್ಠ 83,374 ದೇಶಮುಖರಿಗೆ ಮೊದಲ ಮತವಿತ್ತವರಿಂದ ಬಂದಿರಬೇಕು. ಅಂದರೆ ದೇಶಮುಖರ ಮತದಾರರಲ್ಲಿ ಮೌಲ್ಯದ ಪ್ರಕಾರ ನೂರಕ್ಕೆ 73ಕ್ಕಿಂತ ಹೆಚ್ಚು ಪಾಲು, ತಾವು ಬಹುಕಾಲ ವಿರೋಧಿಸಿದ ಕಾಂಗ್ರೆಸ್ಸಿನ ಅಭ್ಯರ್ಥಿಯನ್ನು ಎರಡನೆಯ ಅಥವಾ ಅದಕ್ಕೂ ಕೆಳಗಿನ ಸ್ಥಾನದಲ್ಲಿ ಬರೆದು ಗಿರಿಯವರಿಗಿಂತ ಮೇಲೆ ಇರಿಸಿತು. ಮೊದಲ ಎಣಿಕೆಯಲ್ಲಿ 87,967 ಇದ್ದ ಅಂತರ 14,650ಕ್ಕೆ ಇಳಿದುದು ಈ ಒಲವಿಲ್ಲದ ಮತಗಳ ಬಲದಿಂದ.

ಗಿರಿಯವರ ಕಡೆಯ ಲೆಕ್ಕ ಇದಕ್ಕಿಂತ ಕುತೂಹಲಕರವಾಗಿದೆ. ವರ್ಗಾವಣೆಯಿಂದ ಅವರಿಗೆ ಬಂದುದು 18,562. ಸಣ್ಣ ಅಭ್ಯರ್ಥಿಗಳ ಮತಗಳೆಲ್ಲವೂ ಅವರಿಗೇ ಬಂದಿದ್ದವೆಂದು ಭಾವಿಸಿದರೂ ಕನಿಷ್ಠ 10,057 ಮೌಲ್ಯದ ಮತಗಳು ದೇಶಮುಖರಿಗೆ ಮೊದಲ ಪ್ರಾಶಸ್ತ್ಯ ಕೊಟ್ಟವರವೇ ಆಗಿರಬೇಕು. ಅದು ಹದಿನೇಳು ಮಂದಿ ಸಂಸತ್ಸದಸ್ಯರ ಮತಗಳನ್ನು ಮೀರಿದ ಮೌಲ್ಯ. ದೇಶಮುಖರನ್ನು ಬೆಂಬಲಿಸಿಯೂ, ರೆಡ್ಡಿಯವರಿಗಿಂತ ಗಿರಿಯವರೇ ಆಗಬಹುದೆಂದು ಬರೆದ ಮತದಾರರು ಇವರು. ಈ 10,057 ಗಿರಿಯವರ ಬದಲು ರೆಡ್ಡಿಯವರಿಗೆ ಸಂದಿದ್ದರೆ ಗಿರಿಯವರ ಮೊತ್ತ 4,10,020ಕ್ಕೆ ಇಳಿದು, ರೆಡ್ಡಿಯವರದು 4,15,484ಕ್ಕೆ ಏರಿ, ಫಲಿತಾಂಶವೇ ತಿರುಗಿಬೀಳುತ್ತಿತ್ತು. ಭಾರತದ ನಾಲ್ಕನೆಯ ರಾಷ್ಟ್ರಪತಿಯನ್ನು ನಿರ್ಣಯಿಸಿದವರಲ್ಲಿ, ಅವರನ್ನು ತಮ್ಮ ಮೊದಲ ಆಯ್ಕೆಯೆಂದು ಒಪ್ಪದಿದ್ದ ಈ ಚಿಕ್ಕ ಗುಂಪಿಗೂ ಸ್ಥಾನವುಂಟು. ಗುಪ್ತ ಮತದಾನವಾದುದರಿಂದ ಅವರ ಹೆಸರುಗಳು ಎಲ್ಲಿಯೂ ದಾಖಲಾಗಿಲ್ಲ. ಅವರ ವಿವೇಚನೆ ಮಾತ್ರ ಮೊತ್ತದಲ್ಲಿ ಉಳಿದಿದೆ.

ಮುಂದಿನ ಪ್ರಾಶಸ್ತ್ಯವನ್ನು ಬರೆಯದೆ, ಅಥವಾ ಕೊನೆಗೆ ಉಳಿದ ಇಬ್ಬರಲ್ಲಿ ಯಾರನ್ನೂ ಹೆಸರಿಸದೆ ಬಿಟ್ಟ ಮತಪತ್ರಗಳೂ ಇದ್ದವು. ಅವುಗಳ ಒಟ್ಟು ಮೌಲ್ಯ 10,833. ಅವೆಲ್ಲವೂ ರೆಡ್ಡಿಯವರಿಗೇ ಸೇರಿದ್ದರೂ ಅವರ ಮೊತ್ತ 4,16,260ಕ್ಕೆ ಮಾತ್ರ ಏರುತ್ತಿದ್ದುದರಿಂದ ಫಲಿತಾಂಶ ಬದಲಾಗುತ್ತಿರಲಿಲ್ಲವೆಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಆದರೆ ಮತ ಹಾಕುವ ಹೊತ್ತಿನಲ್ಲಿ ಅವರಲ್ಲಿ ಯಾರಿಗೂ ಈ ಲೆಕ್ಕ ತಿಳಿದಿರಲಿಲ್ಲ.

6

'ಒಲವಿಲ್ಲದೆ ಕೊಟ್ಟ ಮತದಿಂದ ಗೆದ್ದವನು ಮತದಾರನ ಮಾತನ್ನು ನಡೆಸಿಕೊಡುತ್ತಾನೆಯೆ?' ಎಂದು ಯಾರಾದರೂ ಆಕ್ಷೇಪಿಸಬಹುದು. ಈ ಆಕ್ಷೇಪಣೆ ಹಗುರವಾದುದಲ್ಲ. 1969ರ ನವೆಂಬರ್ 12ರಂದು ನಿಜಲಿಂಗಪ್ಪನವರು ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದರು. ಕಾಂಗ್ರೆಸ್ಸು ಒಡೆದು ಎರಡಾಯಿತು. ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅರ್ಜಿಗಳು 1970ರಲ್ಲಿ ವಜಾ ಆದವು. ಎಡಪಂಥದ ಪಕ್ಷಗಳು ಕಾರ್ಮಿಕ ನಾಯಕನೊಬ್ಬನನ್ನು ರಾಷ್ಟ್ರಪತಿ ಭವನಕ್ಕೆ ಕಳುಹಿಸಿದ ಸಂತೋಷವನ್ನು ಅನುಭವಿಸಿದುವಷ್ಟೆ. 1974ರ ಮೇ ತಿಂಗಳಿನಲ್ಲಿ ಅಖಿಲ ಭಾರತ ರೈಲ್ವೆ ಮುಷ್ಕರ ನಡೆದಾಗ ಸಾವಿರಾರು ಕಾರ್ಮಿಕರು ಬಂಧನಕ್ಕೊಳಗಾದರು, ಮುಷ್ಕರ ಮುರಿದುಬಿತ್ತು. ಆಗ ರಾಷ್ಟ್ರಪತಿಗಳಾಗಿದ್ದವರು ಅದೇ ರೈಲ್ವೆ ಕಾರ್ಮಿಕರ ಹಳೆಯ ಮುಖಂಡರಾದ ಗಿರಿಯವರು. ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದ ಆ ಪದವಿಯಲ್ಲಿ ಅವರ ಪೂರ್ವಾಶ್ರಮ ಕಾರ್ಮಿಕರ ನೆರವಿಗೆ ಬರಲಿಲ್ಲ.

ಇನ್ನೊಂದು ಕಡೆ, ಸೋತ ಸಂಜೀವರೆಡ್ಡಿಯವರ ಕಥೆ ಅಲ್ಲಿಗೇ ಮುಗಿಯಲಿಲ್ಲ. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡ ಬಳಿಕ ಮೈಸೂರಿನ ಮಾಜಿ ಮುಖ್ಯಮಂತ್ರಿ ಬಿ. ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಆ ಜುಲೈಯಲ್ಲಿ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಎಂಟು ವರ್ಷಗಳ ಹಿಂದೆ ಎರಡನೆಯ ಪ್ರಾಶಸ್ತ್ಯಗಳನ್ನು ಬೇಡಿಯೂ ಗೆಲ್ಲಲಾರದೆ ಹೋದವರಿಗೆ ಈಗ ಒಂದು ಮತದ ಅಗತ್ಯವೂ ಬೀಳಲಿಲ್ಲ.

ಈ ಘಟನೆಗಳಿಂದ ತಿಳಿದುಬರುವುದೇನೆಂದರೆ, ಮತವು ಅಧಿಕಾರವನ್ನು ಯಾರ ಕೈಗೆ ಕೊಡಬೇಕೆಂಬುದನ್ನು ಮಾತ್ರ ನಿರ್ಣಯಿಸುತ್ತದೆ. ಆ ಅಧಿಕಾರ ಮುಂದೆ ಹೇಗೆ ನಡೆಯಬೇಕೆಂಬುದರ ಜಾಮೀನು ಅದರಲ್ಲಿ ಇಲ್ಲ. ಈ ಕೊರತೆ ತುಂಬುಮನಸ್ಸಿನ ಮತಕ್ಕೂ ಇದೆ. ಉತ್ಸಾಹದಿಂದ ಮತ ಕೊಟ್ಟವನು ತನ್ನ ನಾಯಕನ ತಪ್ಪುಗಳಿಗೆ ಕಣ್ಣು ಮುಚ್ಚಿಕೊಳ್ಳುವ ಅಪಾಯವುಂಟು. ಸಂದೇಹದಿಂದ ಮತ ಕೊಟ್ಟವನು ಆ ಸಂದೇಹವನ್ನು ಉಳಿಸಿಕೊಂಡರೆ ಮರುದಿನದಿಂದಲೇ ಕಾವಲಿಗೆ ನಿಲ್ಲಬಲ್ಲನು. ಸಾಲ ಕೊಟ್ಟವನು ಸಾಲಗಾರನ ಮೇಲಿನ ಪ್ರೀತಿಯಿಂದ ಲೆಕ್ಕಪತ್ರ ನೋಡುವುದನ್ನು ಬಿಡುವುದಿಲ್ಲವಷ್ಟೆ.

7

ಅದೇ 1969ರಲ್ಲಿ, ನಮ್ಮ ಚುನಾವಣೆಗೆ ಎರಡು ತಿಂಗಳು ಮುಂಚೆ, ಫ್ರಾನ್ಸ್ ದೇಶದಲ್ಲಿಯೂ ಅಧ್ಯಕ್ಷರ ಆಯ್ಕೆ ನಡೆಯಿತು. ಅಲ್ಲಿ ಮತಪತ್ರದಲ್ಲಿ ಪ್ರಾಶಸ್ತ್ಯಗಳನ್ನು ಬರೆಯುವ ಕ್ರಮವಿಲ್ಲ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಮೊದಲ ಇಬ್ಬರ ನಡುವೆ ಎರಡನೆಯ ಸುತ್ತು ನಡೆಯುತ್ತದೆ. ಎರಡನೆಯ ಪ್ರಾಶಸ್ತ್ಯವನ್ನು ಅಲ್ಲಿಯ ಮತದಾರ ಇನ್ನೊಂದು ದಿನ ಮತಗಟ್ಟೆಗೆ ಬಂದು ತಿಳಿಸಬೇಕು. ಮೊದಲ ಸುತ್ತಿನಲ್ಲಿ ನೂರಕ್ಕೆ 21ಕ್ಕಿಂತ ಹೆಚ್ಚು ಮತ ಪಡೆದ ಕಮ್ಯುನಿಸ್ಟ್ ನಾಯಕ ಜಾಕ್ ದ್ಯುಕ್ಲೋ ಅವರು, ಉಳಿದ ಪೊಂಪಿದು ಮತ್ತು ಪೊಯೆರ್ ಇಬ್ಬರಲ್ಲಿ ಭೇದವೇ ಇಲ್ಲವೆಂದು ಸಾರಿ ತಮ್ಮವರನ್ನು ಮನೆಯಲ್ಲಿರಲು ಹೇಳಿದರು. ಜೂನ್ 15ರ ಎರಡನೆಯ ಸುತ್ತಿಗೆ ನೂರಕ್ಕೆ 31 ಮತದಾರರು ಬರಲಿಲ್ಲ; ಪೊಂಪಿದು ಗೆದ್ದರು. 2002ರಲ್ಲಿ ಇದಕ್ಕೆ ವಿರುದ್ಧವಾದ ಪ್ರಸಂಗ ಬಂದಿತು. ಮೊದಲ ಸುತ್ತಿನಲ್ಲಿ ನೂರಕ್ಕೆ 20ನ್ನೂ ಮುಟ್ಟದ ಶಿರಾಕ್ ಅವರ ಎದುರು ಉಗ್ರ ಬಲಪಂಥದ ಲೆ ಪೆನ್ ಉಳಿದಾಗ, ಶಿರಾಕರನ್ನು ಎಂದೂ ಮೆಚ್ಚದಿದ್ದ ಎಡಪಂಥದ ಮತದಾರರು ಸಾಲುಗಟ್ಟಿ ಬಂದು ಅವರಿಗೇ ಮತವಿತ್ತರು. ಮೇ 5ರಂದು ಶಿರಾಕರಿಗೆ ನೂರಕ್ಕೆ 82 ಮತಗಳು ಬಂದವು. ಒಂದು ಸಲ ಭೇದ ಕಾಣಲಿಲ್ಲ, ಇನ್ನೊಂದು ಸಲ ಕಂಡಿತು. ಇಬ್ಬರಲ್ಲಿ ಯಾರೂ ಬೇಡವೆನ್ನಿಸಿದಾಗಲೂ ಇಬ್ಬರ ನಡುವಣ ಅಂತರ ಎಷ್ಟೆಂದು ಅಳೆಯುವ ಕೆಲಸ ಮತದಾರನಿಗೆ ತಪ್ಪುವುದಿಲ್ಲ.

ನಮ್ಮ ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆಗಳಲ್ಲಿ ಪ್ರಾಶಸ್ತ್ಯಗಳ ಪಟ್ಟಿಯೂ ಇಲ್ಲ, ಎರಡನೆಯ ಸುತ್ತೂ ಇಲ್ಲ. ಸರ್ವೋಚ್ಚ ನ್ಯಾಯಾಲಯದ 2013ರ ಸೆಪ್ಟೆಂಬರ್ 27ರ ತೀರ್ಪಿನಿಂದ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿ ಮತಯಂತ್ರಕ್ಕೆ ಬಂದಿದೆ. ಅಸಮ್ಮತಿಯನ್ನು ಗುಟ್ಟಾಗಿ ದಾಖಲಿಸಲು ಅದು ಉಪಯುಕ್ತವಾದುದು. ಆದರೆ ಅದಕ್ಕೆ ಎಷ್ಟೇ ಮತ ಬಿದ್ದರೂ ಲೋಕಸಭೆ, ವಿಧಾನಸಭೆಗಳ ಚುನಾವಣೆಗಳಲ್ಲಿ ಉಳಿದವರಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ. 1969ರ 10,833 ಮೌಲ್ಯದ ಮತಪತ್ರಗಳಂತೆ ಅದೂ ಲೆಕ್ಕದಲ್ಲಿ ಕಾಣಿಸಿಕೊಂಡು ನಿರ್ಣಯದಿಂದ ಹೊರಗುಳಿಯುತ್ತದೆ.

ಆದಕಾರಣ ನಮ್ಮ ಸಾಮಾನ್ಯ ಮತದಾರನು ಮತಪತ್ರದಲ್ಲಿ ಇಲ್ಲದ ಪ್ರಾಶಸ್ತ್ಯಪಟ್ಟಿಯನ್ನು ತನ್ನ ಮನಸ್ಸಿನಲ್ಲಿಯೇ ಬರೆದುಕೊಳ್ಳಬೇಕಾಗಿದೆ. ತನಗೆ ಬೇಕಾದವನು ನಿಂತಿಲ್ಲದಿದ್ದರೆ, ಅಥವಾ ನಿಂತರೂ ಗೆಲ್ಲುವಂತಿಲ್ಲದಿದ್ದರೆ, ಉಳಿದವರಲ್ಲಿ ಯಾರ ಕೈಯಲ್ಲಿ ಅಧಿಕಾರ ಬಂದರೆ ಕೇಡು ಕಡಿಮೆಯೆಂದು ಅವನು ಎಣಿಸಬೇಕು. ಯಾರಲ್ಲಿಯೂ ಭೇದವಿಲ್ಲವೆಂದು ಪ್ರಾಮಾಣಿಕವಾಗಿ ಕಂಡುಬಂದರೆ ಸುಮ್ಮನಿರಲು ಅವನಿಗೆ ಹಕ್ಕುಂಟು. ಆದರೆ ಆ ತೀರ್ಮಾನ ಎಣಿಕೆಯ ಫಲವಾಗಿ ಬರಬೇಕೇ ಹೊರತು ಬೇಸರದ ಫಲವಾಗಿ ಬರಬಾರದು. ದೇಶಮುಖರ ಹೆಸರಿನ ಮುಂದೆ 1 ಎಂದು ಬರೆದ ಮೇಲೆ ಲೇಖನಿಯನ್ನು ಕೆಳಗಿಡದೆ, ಪಟ್ಟಿಯ ಉಳಿದ ಹೆಸರುಗಳನ್ನು ಮತ್ತೊಮ್ಮೆ ನೋಡಿ, ಮನಸ್ಸಿಗೆ ಹತ್ತದ ಇಬ್ಬರಲ್ಲಿ ಒಬ್ಬನ ಮುಂದೆ 2 ಎಂದು ಬರೆದ ಆ ಅಜ್ಞಾತ ಸದಸ್ಯರು ಮಾಡಿದುದು ಇಷ್ಟನ್ನೇ. ಅವರ ಆಯ್ಕೆ ಸರಿಯೆ ತಪ್ಪೆ ಎಂಬ ಚರ್ಚೆ ಬೇರೆ. ದೇಶದ ನಿರ್ಣಯದಲ್ಲಿ ಅವರ ಕೈ ಇದ್ದಿತೆಂಬುದನ್ನು ಮಾತ್ರ ಅಂಕೆಗಳು ನಿಸ್ಸಂದೇಹವಾಗಿ ಹೇಳುತ್ತವೆ.